ಬೋಡೊದ ನೀರು, ಶೆಲ್ ಕಂಪನಿಯ ಲೆಕ್ಕ

ನೈಜೀರಿಯಾದ ದಕ್ಷಿಣ ತುದಿಯಲ್ಲಿ, ನೈಜರ್ ನದಿ ನೂರಾರು ಕವಲಾಗಿ ಒಡೆದು ಸಮುದ್ರ ಸೇರುವ ಕಡೆ, ಬೋಡೊ ಎಂಬ ಊರಿದೆ. ದಿನಕ್ಕೆರಡು ಸಲ ಇಳಿತದ ಹೊತ್ತಿಗೆ ಅಲ್ಲಿನ ಹಿನ್ನೀರು ಸರಿದು ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಹೆಂಗಸರು ಬುಟ್ಟಿ ಹಿಡಿದು ಮೊಣಕಾಲುದ್ದ ಕೆಸರಿಗೆ ಇಳಿಯುತ್ತಾರೆ. ಕಾಂಡ್ಲಾ ಗಿಡಗಳ ಬೇರಿಗೆ ಅಂಟಿಕೊಂಡ ಸಣ್ಣ ಶಂಖದ ಹುಳು, ಕೆಸರಿನಡಿ ಹುದುಗಿದ ಚಿಪ್ಪು, ಏಡಿ ಎಲ್ಲವೂ ಬುಟ್ಟಿ ಸೇರುತ್ತವೆ. ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕುವವರನ್ನು ಕಂಡವರಿಗೆ ಈ ಬದುಕಿನ ಬಗೆ ವಿವರಿಸಿ ಹೇಳಬೇಕಿಲ್ಲ.

2008ರ ಆಗಸ್ಟ್ ಕೊನೆಯಲ್ಲಿ ಆ ನೀರಿನ ಮೇಲೆ ಕಚ್ಚಾ ತೈಲ ಹರಡಿತು. ಊರ ಪಕ್ಕದಲ್ಲೇ ಹಾದುಹೋಗುವ 24 ಇಂಚಿನ ಪೈಪ್‌ಲೈನ್ ಬೆಸುಗೆಯ ಜಾಗದಲ್ಲಿ ಬಿಟ್ಟುಕೊಂಡಿತ್ತು. ಉಬ್ಬರ ಬಂದಾಗ ಎಣ್ಣೆ ಒಳನಾಡಿನ ತೋಡುಗಳಿಗೆ ನುಗ್ಗಿತು, ಇಳಿತದಲ್ಲಿ ಕೆಸರಿನ ಮೇಲೆ ಕುಳಿತಿತು. ಸೋರಿಕೆ ನಿಂತದ್ದು ನವೆಂಬರ್ 7ಕ್ಕೆ. ಇನ್ನೇನು ನೀರು ತಿಳಿಯಾದೀತು ಎನ್ನುವಷ್ಟರಲ್ಲಿ ಡಿಸೆಂಬರ್‌ನಲ್ಲಿ ಅದೇ ಪೈಪು ಮತ್ತೊಂದು ಕಡೆ ಸೋರಿತು. ಅದು ನಿಲ್ಲಲು ಫೆಬ್ರವರಿ ಬರಬೇಕಾಯಿತು.

ಕಾಂಡ್ಲಾ ಗಿಡ ಉಸಿರಾಡುವುದು ಬೇರಿನಿಂದ. ಕೆಸರಿನ ಮೇಲೆ ಎದ್ದು ನಿಂತ ಬೇರುಗಳಲ್ಲಿ ಸೂಕ್ಷ್ಮ ರಂಧ್ರಗಳಿವೆ. ಕಚ್ಚಾ ತೈಲ ಅವುಗಳ ಮೇಲೆ ಟಾರಿನಂತೆ ಕಟ್ಟಿಕೊಂಡರೆ ಮರ ನಿಂತಲ್ಲೇ ಒಣಗುತ್ತದೆ. ಬೋಡೊದ ಸುತ್ತ ಸುಮಾರು ಸಾವಿರ ಹೆಕ್ಟೇರ್ ಕಾಂಡ್ಲಾ ಹೀಗೆ ಹಾಳಾಯಿತು. ಮೀನು ಮರಿ ಮಾಡುವ ತಾವು ಹೋದಮೇಲೆ ಮೀನೂ ಹೋಯಿತು. ಊರಿನ ಹೆಚ್ಚಿನವರ ಕಸುಬು ಮೀನುಗಾರಿಕೆ.

ಪೈಪ್‌ಲೈನ್ ನಡೆಸುತ್ತಿದ್ದದ್ದು ಶೆಲ್ ಕಂಪನಿಯ ನೈಜೀರಿಯಾ ಶಾಖೆ. ಬೆಂಗಳೂರಿನ ರಸ್ತೆಗಳಲ್ಲಿ ಹಳದಿ ಚಿಪ್ಪಿನ ಗುರುತಿನ ಪೆಟ್ರೋಲ್ ಬಂಕ್ ನೋಡಿದವರಿಗೆ ಈ ಹೆಸರು ಪರಿಚಿತ. ದೇವನಹಳ್ಳಿಯ ಕಡೆ ಇರುವ ಅದರ ದೊಡ್ಡ ತಂತ್ರಜ್ಞಾನ ಕೇಂದ್ರದಲ್ಲಿ ನಮ್ಮ ಎಂಜಿನಿಯರುಗಳು ದುಡಿಯುತ್ತಾರೆ. ನೈಜೀರಿಯಾದ ಕಚ್ಚಾ ತೈಲವನ್ನು ವರ್ಷಗಟ್ಟಲೆ ಕೊಂಡ ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದು. ದೂರದ ಸುದ್ದಿ ಎಂದು ಪುಟ ಮಗುಚುವ ಮೊದಲು ಇಷ್ಟು ನೆನಪಿರಲಿ.

ಎಣ್ಣೆ ಸಿಕ್ಕ ಮೇಲೆ

ನೈಜೀರಿಯಾದಲ್ಲಿ ಮಾರುವಷ್ಟು ತೈಲ ಮೊದಲು ಸಿಕ್ಕಿದ್ದು 1956ರಲ್ಲಿ, ಒಲೊಯಿಬಿರಿ ಎಂಬ ಹಳ್ಳಿಯಲ್ಲಿ. ಎರಡು ವರ್ಷಕ್ಕೆ ರಫ್ತು ಶುರುವಾಯಿತು. ಬೋಡೊ ಸೇರಿದಂತೆ ಓಗೊನಿ ಜನರ ನಾಡು ಸುಮಾರು ಸಾವಿರ ಚದರ ಕಿಲೋಮೀಟರ್. 2006ರ ಜನಗಣತಿಯಂತೆ ಅಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ. ಹೊಲ, ಹಿತ್ತಿಲು, ಶಾಲೆಯ ಬಯಲು ಎನ್ನದೆ ಪೈಪುಗಳು ಹಾದುಹೋದವು. ಬಾವಿಯಿಂದ ಎಣ್ಣೆಯ ಜೊತೆ ಬರುವ ಅನಿಲವನ್ನು ಅಲ್ಲಲ್ಲೇ ಉರಿಸಿಬಿಡುತ್ತಿದ್ದರಿಂದ ಎಷ್ಟೋ ಹಳ್ಳಿಗಳಲ್ಲಿ ರಾತ್ರಿ ಕತ್ತಲೆಯೇ ಆಗುತ್ತಿರಲಿಲ್ಲ. ಮನೆಗೆ ಮಾತ್ರ ಕರೆಂಟಿರಲಿಲ್ಲ.

ಲೇಖಕ ಕೆನ್ ಸಾರೊ-ವಿವಾ ಮತ್ತು ಸಂಗಡಿಗರು 1990ರಲ್ಲಿ ಓಗೊನಿ ಜನರ ಉಳಿವಿಗಾಗಿ ಚಳವಳಿ ಕಟ್ಟಿದರು. 1993ರ ಜನವರಿ 4ರಂದು ಸುಮಾರು ಮೂರು ಲಕ್ಷ ಜನ ಕೈಯಲ್ಲಿ ಹಸಿರು ಟೊಂಗೆ ಹಿಡಿದು ಶಾಂತವಾಗಿ ಮೆರವಣಿಗೆ ಹೊರಟರು ಎನ್ನುತ್ತದೆ ಚಳವಳಿಯ ಲೆಕ್ಕ. ಅದೇ ವರ್ಷ ಶೆಲ್ ಓಗೊನಿಯಲ್ಲಿ ತೈಲ ತೆಗೆಯುವುದನ್ನು ನಿಲ್ಲಿಸಿತು. ಮಿಲಿಟರಿ ಸರ್ಕಾರ ಸಾರೊ-ವಿವಾ ಮತ್ತು ಇತರ ಎಂಟು ಮಂದಿಯನ್ನು ಕೊಲೆಯ ಆರೋಪ ಹೊರಿಸಿ ವಿಶೇಷ ನ್ಯಾಯಮಂಡಳಿಯ ಮುಂದೆ ನಿಲ್ಲಿಸಿ, 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. ಕಾಮನ್‌ವೆಲ್ತ್ ಕೂಟ ನೈಜೀರಿಯಾವನ್ನು ಅಮಾನತಿನಲ್ಲಿಟ್ಟಿತು. ಮೂವತ್ತು ವರ್ಷದ ನಂತರ, 2025ರ ಜೂನ್‌ನಲ್ಲಿ, ಅಧ್ಯಕ್ಷ ಬೋಲಾ ಟಿನುಬು ಅವರೆಲ್ಲರಿಗೂ ಮರಣೋತ್ತರ ಕ್ಷಮಾದಾನ ಪ್ರಕಟಿಸಿದರು. ಮಾಡದ ತಪ್ಪಿಗೆ ಕ್ಷಮೆ ಎಂಥದು ಎಂದು ಅವರ ಕಡೆಯವರು ಕೇಳಿದ್ದರಲ್ಲಿ ನ್ಯಾಯವಿದೆ.

ಈ ಗಲ್ಲುಗಳಲ್ಲಿ ಕಂಪನಿಗೂ ಕೈವಾಡವಿತ್ತು ಎಂದು ಸಂತ್ರಸ್ತರ ಕುಟುಂಬಗಳು ನ್ಯೂಯಾರ್ಕಿನಲ್ಲಿ ಮೊಕದ್ದಮೆ ಹೂಡಿದ್ದವು. ಶೆಲ್ ಆರೋಪವನ್ನು ನಿರಾಕರಿಸುತ್ತಲೇ ಬಂತು. 2009ರಲ್ಲಿ, ವಿಚಾರಣೆ ಶುರುವಾಗಬೇಕೆನ್ನುವ ಹೊತ್ತಿಗೆ, ತಪ್ಪೊಪ್ಪಿಕೊಳ್ಳದೆ 1.55 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಓಗೊನಿಯಿಂದ ಹೊರಟೆವು ಎಂದರೂ ಪೈಪುಗಳು ನೆಲದಲ್ಲೇ ಉಳಿದಿದ್ದವು. ಬೇರೆ ಕಡೆ ತೆಗೆದ ಎಣ್ಣೆ ಓಗೊನಿ ನೆಲದ ಮೂಲಕವೇ ಬಾನಿ ಬಂದರಿಗೆ ಹರಿಯುತ್ತಿತ್ತು, ದಿನಕ್ಕೆ ಲಕ್ಷ ಬ್ಯಾರೆಲ್‌ಗೂ ಹೆಚ್ಚು. 2008ರಲ್ಲಿ ಸೋರಿದ್ದು ಇದೇ ಮಾರ್ಗ.

ಐವತ್ತು ಚೀಲ ಅಕ್ಕಿ

ಸೋರಿಕೆಯಾದಾಗ ಕಂಪನಿ ಮಾಡಿದ್ದೇನು? ಮೊದಲ ಪರಿಹಾರವಾಗಿ ಬೋಡೊಗೆ ಬಂದದ್ದು ಐವತ್ತು ಚೀಲ ಅಕ್ಕಿ, ಐವತ್ತು ಚೀಲ ಬೀನ್ಸ್ ಕಾಳು, ಒಂದಷ್ಟು ಸಕ್ಕರೆ, ಟೊಮೆಟೊ, ಕಡಲೆಕಾಯಿ ಎಣ್ಣೆ. ಇಡೀ ಊರಿಗೆ ಇಷ್ಟು. ಬೋಡೊ ಎಂದರೆ 35 ಹಳ್ಳಿಗಳ ಗುಂಪು. ಊರವರು ಮೊದಲು ಬೇಡವೆಂದರು, ಆಮೇಲೆ ಹಸಿವಿಗೆ ಸೋತು ತೆಗೆದುಕೊಂಡರು. ಪರಿಹಾರದ ಹಣವಾಗಿ ಕಂಪನಿ ಮೊದಲು ಹೇಳಿದ ಮೊತ್ತ ಸುಮಾರು 4,000 ಪೌಂಡ್ ಎಂದು ಊರಿನ ಪರ ವಕೀಲರು ಹೇಳಿದ್ದಾರೆ.

ಜನ ಲಂಡನ್ನಿನ ವಕೀಲರ ಮೊರೆ ಹೋದರು. 2015ರ ಜನವರಿಯಲ್ಲಿ ಶೆಲ್ 5.5 ಕೋಟಿ ಪೌಂಡ್ ಕೊಡಲು ಒಪ್ಪಿತು. ಅದರಲ್ಲಿ 3.5 ಕೋಟಿ 15,600 ಮೀನುಗಾರರು ಮತ್ತು ರೈತರಿಗೆ, ತಲಾ ಸುಮಾರು 2,200 ಪೌಂಡ್. ಉಳಿದದ್ದು ಊರಿನ ಸಾಮುದಾಯಿಕ ಕೆಲಸಗಳಿಗೆ. ಆಗಿನ ದರದಲ್ಲಿ ಒಟ್ಟು ಮೊತ್ತ 500 ಕೋಟಿ ರೂಪಾಯಿಗೂ ಹೆಚ್ಚು.

ನಾಲ್ಕು ಸಾವಿರ ಪೌಂಡ್ ಎಲ್ಲಿ, ಐದೂವರೆ ಕೋಟಿ ಪೌಂಡ್ ಎಲ್ಲಿ? ನಡುವಿನ ಆರು ವರ್ಷದಲ್ಲಿ ಸೋರಿದ ಎಣ್ಣೆಯೇನೂ ಹೆಚ್ಚಾಗಲಿಲ್ಲ. ಅದನ್ನು ಅಳೆಯುವ ಕೆಲಸ ಕಂಪನಿಯ ಕೈಯಿಂದ ಆಚೆ ಬಂತು, ಅಷ್ಟೆ. ನನ್ನ ದೃಷ್ಟಿಯಲ್ಲಿ ನೈಜರ್ ಮುಖಜಭೂಮಿಯ ಇಡೀ ಕಥೆ ತಿರುಗುವ ಅಚ್ಚು ಇದೇ.

ಫಾರಂ ತುಂಬುವವರು

ನೈಜೀರಿಯಾದ ನಿಯಮದಂತೆ ಸೋರಿಕೆಯ ಸುದ್ದಿ ಸಿಕ್ಕ ಕೂಡಲೇ ಒಂದು ಜಂಟಿ ತಂಡ ಸ್ಥಳಕ್ಕೆ ಹೋಗಬೇಕು. ಕಂಪನಿಯ ಸಿಬ್ಬಂದಿ, ಸರ್ಕಾರದ ಅಧಿಕಾರಿಗಳು, ಊರಿನ ಪ್ರತಿನಿಧಿಗಳು ಎಲ್ಲರೂ ಸೇರಿ ಒಂದು ಫಾರಂ ತುಂಬುತ್ತಾರೆ. ಎಂದು ಶುರುವಾಯಿತು, ಯಾವ ಕಾರಣಕ್ಕೆ, ಎಷ್ಟು ಬ್ಯಾರೆಲ್, ಎಷ್ಟು ಜಾಗ: ಮುಖ್ಯವಾದ ಕಾಲಂಗಳು ಇವೇ. ಪರಿಹಾರ ಸಿಗುತ್ತದೆಯೇ, ಎಷ್ಟು ಸಿಗುತ್ತದೆ ಎಂಬುದು ಈ ಹಾಳೆಯ ಮೇಲೆ ನಿಂತಿದೆ.

ಹೇಳಲು ಜಂಟಿ. ಸ್ಥಳಕ್ಕೆ ಹೋಗಲು ದೋಣಿ ಬೇಕು, ವಾಹನ ಬೇಕು, ಅಳತೆಯ ಸಲಕರಣೆ ಬೇಕು, ಪೈಪಿನ ಒತ್ತಡದ ದಾಖಲೆ ಬೇಕು. ಇವೆಲ್ಲ ಇರುವುದು ಕಂಪನಿಯ ಬಳಿ. ತೈಲ ಸೋರಿಕೆಯ ಮೇಲೆ ಕಣ್ಣಿಡಲು 2006ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆಗೆ ಸ್ವಂತ ಸಾಧನ ಅಷ್ಟಕ್ಕಷ್ಟೆ, ಅದರ ಸಿಬ್ಬಂದಿ ಎಷ್ಟೋ ಸಲ ಕಂಪನಿಯ ವಾಹನದಲ್ಲೇ ಹೋಗಬೇಕಾಗುತ್ತಿತ್ತು. ಊರಿನವರಿಗೆ ಉಳಿಯುವುದು ಸಹಿ ಹಾಕುವ ಜಾಗ.

ಬೋಡೊದ ಮೊದಲ ಸೋರಿಕೆಯ ಫಾರಂ ನೋಡೋಣ. ಸೋರಿಕೆ ಶುರುವಾದದ್ದು ಅಕ್ಟೋಬರ್ 5ಕ್ಕೆ ಎಂದು ಅದರಲ್ಲಿದೆ. ಊರಿನವರ ಪ್ರಕಾರ ಆಗಸ್ಟ್ 28. ಹೆಚ್ಚುಕಡಿಮೆ ನಲವತ್ತು ದಿನ ಕಾಗದದ ಮೇಲೆ ಇಲ್ಲವೇ ಇಲ್ಲ. ಸೋರಿದ ಪ್ರಮಾಣ 1,640 ಬ್ಯಾರೆಲ್ ಎಂದು ಬರೆದಿದೆ. ಒಂದು ಬ್ಯಾರೆಲ್‌ಗೆ 159 ಲೀಟರ್. ಅಂದರೆ ಸುಮಾರು 2.6 ಲಕ್ಷ ಲೀಟರ್.

ಸೋರಿಕೆ ನಿಂತ ದಿನ ತೆಗೆದ ಒಂದು ವಿಡಿಯೊ ಉಳಿದಿತ್ತು. ಅದರಲ್ಲಿ ಎಣ್ಣೆ ಚಿಮ್ಮುವ ರಭಸವನ್ನು ಅಮೆರಿಕದ ಪೈಪ್‌ಲೈನ್ ತಜ್ಞ ಸಂಸ್ಥೆಯೊಂದು ಪರಿಶೀಲಿಸಿತು. ನಿಮಿಷಕ್ಕೆ ಒಂದರಿಂದ ಮೂರು ಬ್ಯಾರೆಲ್ ಎಂಬುದು ಅದರ ಅಂದಾಜು, ಅಂದರೆ ದಿನಕ್ಕೆ 1,440ರಿಂದ 4,320 ಬ್ಯಾರೆಲ್. ಆಗಸ್ಟ್ 28ರಿಂದ ಎಣಿಸಿದರೆ ಕನಿಷ್ಠ ಲೆಕ್ಕದಲ್ಲೂ ಒಂದು ಲಕ್ಷ ಬ್ಯಾರೆಲ್ ದಾಟುತ್ತದೆ. ಕಂಪನಿಯ ಫಾರಂ ಹೇಳಿದ್ದು ಸುಮಾರು ಒಂದು ದಿನಕ್ಕೆ ಸೋರಬಹುದಾದ ಎಣ್ಣೆಯನ್ನು. ತನ್ನ ಅಂಕಿ ನಿಜಕ್ಕಿಂತ ಕಡಿಮೆಯಿತ್ತು ಎಂದು ಶೆಲ್ ಕೊನೆಗೂ ಒಪ್ಪಿಕೊಂಡಿತು, ಅದೂ 2014ರಲ್ಲಿ, ಲಂಡನ್ ಮೊಕದ್ದಮೆಯ ಕಡತಗಳಲ್ಲಿ. ಅದೇ ಕಡತಗಳಿಂದ ಇನ್ನೊಂದು ಸಂಗತಿಯೂ ಹೊರಬಂತು. ಮುಖ್ಯ ಪೈಪ್‌ಲೈನ್‌ಗಳಲ್ಲಿ ಹೆಚ್ಚಿನವುಗಳ ಆಯಸ್ಸು ಮುಗಿದಿದೆ ಅಥವಾ ಮುಗಿಯುತ್ತ ಬಂದಿದೆ ಎಂದು ಕಂಪನಿಯ ಒಳಗಿನ ವರದಿಯೊಂದು 2002ರಲ್ಲೇ ಎಚ್ಚರಿಸಿತ್ತು.

ವಿದೇಶದ ಕೋರ್ಟು, ದುಬಾರಿ ತಜ್ಞರು, ಅದೃಷ್ಟಕ್ಕೆ ಉಳಿದ ಒಂದು ವಿಡಿಯೊ. ಇಷ್ಟೂ ಒಟ್ಟಾದದ್ದು ಒಂದು ಊರಿಗೆ. ಮುಖಜಭೂಮಿಯ ಸಾವಿರಾರು ಸೋರಿಕೆಗಳಿಗೆ ಉಳಿದಿರುವುದು ಆ ಫಾರಂ ಮಾತ್ರ.

ಕಳ್ಳತನ ಎಂಬ ಉತ್ತರ

ಕಂಪನಿಯ ವಾದವನ್ನೂ ಕೇಳಬೇಕು. ಇತ್ತೀಚಿನ ವರ್ಷಗಳ ಬಹುಪಾಲು ಸೋರಿಕೆಗೆ ತೈಲ ಕಳವು ಮತ್ತು ದುಷ್ಕೃತ್ಯವೇ ಕಾರಣ ಎಂದು ಶೆಲ್ ಹೇಳುತ್ತ ಬಂದಿದೆ. ಕಳವು ಸುಳ್ಳಲ್ಲ. ಪೈಪಿಗೆ ತೂತು ಕೊರೆದು ಎಣ್ಣೆ ಬಸಿದು, ಕಾಂಡ್ಲಾ ಕಾಡಿನ ಮರೆಯಲ್ಲಿ ಡ್ರಮ್ಮು, ಬೆಂಕಿ, ಕೊಳವೆ ಇಟ್ಟು ಡೀಸೆಲ್ ಇಳಿಸುವ ಅಡ್ಡೆಗಳಿವೆ. ಉಳಿದ ಕೀಲನ್ನು ನೀರಿಗೇ ಚೆಲ್ಲುತ್ತಾರೆ. ಬೋಡೊ ಪಶ್ಚಿಮದ ಭಾಗದಲ್ಲಿ 2007ರಿಂದ 2011ರ ನಡುವೆ ಇಂಥ ಅಡ್ಡೆಗಳು ಹೆಚ್ಚಿ, ಕಾಂಡ್ಲಾ ಹೊದಿಕೆಯ ಶೇ 10ರಷ್ಟು ನಾಶವಾಯಿತೆಂದು ವಿಶ್ವಸಂಸ್ಥೆಯ ಅಧ್ಯಯನವೇ ದಾಖಲಿಸಿದೆ. ಬೆಂಕಿಗೆ ಸಿಕ್ಕಿ ಸತ್ತ ಹುಡುಗರೂ ಎಷ್ಟೋ ಮಂದಿ.

ಆದರೆ ಫಾರಂನಲ್ಲಿ ಕಾರಣದ ಕಾಲಂಗೆ ಯಾಕಿಷ್ಟು ಬೆಲೆ ಎಂಬುದನ್ನು ಗಮನಿಸಿ. ನೈಜೀರಿಯಾದ ಕಾನೂನಿನಲ್ಲಿ ಸೋರಿಕೆ ಮೂರನೆಯವರ ದುಷ್ಕೃತ್ಯದಿಂದ ಆದರೆ ಕಂಪನಿ ಸಾಮಾನ್ಯವಾಗಿ ಪರಿಹಾರ ಕೊಡಬೇಕಿಲ್ಲ. ಪೈಪು ತುಕ್ಕು ಹಿಡಿದಿತ್ತು ಎಂದು ಬರೆದರೆ ಕೊಡಬೇಕು. ಯಾವುದನ್ನು ಬರೆಯಬೇಕು ಎಂದು ತೀರ್ಮಾನಿಸುವಲ್ಲಿ ಮೇಲುಗೈ ಹಣ ಕೊಡಬೇಕಾದವರದೇ. ಕಳ್ಳನೊಬ್ಬ ತೂತು ಕೊರೆದ ಎಂದುಕೊಂಡರೂ, ಆ ತೂತನ್ನು ಪತ್ತೆ ಹಚ್ಚದೆ ವಾರಗಟ್ಟಲೆ ಎಣ್ಣೆ ಹರಿಯಲು ಬಿಟ್ಟವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಪೈಪನ್ನು ಕಾಯುವ ಸಮಂಜಸ ಏರ್ಪಾಡು ಮಾಡದಿದ್ದರೆ ಕಂಪನಿಯೂ ಹೊಣೆಯಾಗಬಹುದು ಎಂದು ಲಂಡನ್ನಿನ ಹೈಕೋರ್ಟು 2014ರಲ್ಲಿ ಹೇಳಿದ್ದು ಈ ಕಾರಣಕ್ಕೆ ದೊಡ್ಡ ಮಾತು.

ಮಣ್ಣು ಮಗುಚಿ ಗೊಬ್ಬರ ಹಾಕಿದರೆ

ಸೋರಿಕೆ ನಿಂತ ಮೇಲಿನ ಕೆಲಸ ಶುದ್ಧೀಕರಣ. ಶೆಲ್ ಬಹುಕಾಲ ನೆಚ್ಚಿದ್ದು ಒಂದು ಸುಲಭದ ವಿಧಾನವನ್ನು: ಎಣ್ಣೆ ಬಿದ್ದ ಮೇಲ್ಮಣ್ಣನ್ನು ಅಲ್ಲಲ್ಲೇ ಉತ್ತು ಮಗುಚುವುದು, ಗೊಬ್ಬರ ಬೆರೆಸುವುದು, ಸಾಲು ಸಾಲಾಗಿ ದಿಬ್ಬ ಮಾಡಿ ಬಿಡುವುದು. ಮಣ್ಣಿನ ಬ್ಯಾಕ್ಟೀರಿಯಾಗಳು ಗಾಳಿ, ಗೊಬ್ಬರ ಸಿಕ್ಕಿದ ಹುರುಪಿನಲ್ಲಿ ಎಣ್ಣೆಯನ್ನು ತಿಂದು ಮುಗಿಸುತ್ತವೆ ಎಂಬುದು ತರ್ಕ. ಎಣ್ಣೆ ಮೇಲುಮೇಲೆ ಇದ್ದರೆ ಇದು ನಡೆಯುವ ಮಾತು. ಮುಖಜಭೂಮಿಯಲ್ಲಿ ಮಳೆ ಜೋರು, ಅಂತರ್ಜಲ ಕೈಗೆಟುಕುವಷ್ಟು ಮೇಲೆ. ಬಿದ್ದ ಎಣ್ಣೆ ಮಳೆನೀರಿನೊಡನೆ ಕೆಳಕ್ಕೆ ಇಳಿದುಬಿಡುತ್ತದೆ.

ಎಷ್ಟು ಕೆಳಕ್ಕೆ? ನೈಜೀರಿಯಾ ಸರ್ಕಾರದ ಕೋರಿಕೆಯಂತೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಓಗೊನಿಯ 200ಕ್ಕೂ ಹೆಚ್ಚು ಜಾಗಗಳನ್ನು ಪರಿಶೀಲಿಸಿತು. 5,000ಕ್ಕೂ ಹೆಚ್ಚು ವೈದ್ಯಕೀಯ ದಾಖಲೆ ನೋಡಿತು, ಊರೂರಿನ ಸಭೆಗಳಲ್ಲಿ 23,000 ಜನರನ್ನು ಮಾತಾಡಿಸಿತು. ಖರ್ಚು ಕೊಟ್ಟದ್ದು ಶೆಲ್ ನಡೆಸುತ್ತಿದ್ದ ಜಂಟಿ ಉದ್ಯಮ. 2011ರ ಆಗಸ್ಟ್‌ನಲ್ಲಿ ಬಂದ ವರದಿ, ಹಣ ಕೊಟ್ಟವರ ಮುಲಾಜಿಗೆ ಬೀಳಲಿಲ್ಲ. 49 ಕಡೆ ಐದು ಮೀಟರ್ ಅಥವಾ ಅದಕ್ಕೂ ಆಳದಲ್ಲಿ ಎಣ್ಣೆಯ ಅಂಶ ಸಿಕ್ಕಿತ್ತು. ಶುದ್ಧಿ ಮುಗಿಯಿತು ಎಂದು ಶೆಲ್ ಲೆಕ್ಕ ತೋರಿಸಿದ 15 ಜಾಗಗಳಲ್ಲಿ 10ರಲ್ಲಿ ಮಾಲಿನ್ಯ ಕಂಪನಿಯೇ ಹಾಕಿಕೊಂಡ ಮಿತಿಯನ್ನು ಮೀರಿತ್ತು.

ವರದಿಯ ಅತಿ ಭಯಂಕರ ಭಾಗ ಒಗಾಲೆ ಎಂಬಲ್ಲಿನ ಕುಡಿಯುವ ನೀರಿನದು. ಅಲ್ಲಿನ ಬಾವಿಗಳ ನೀರಿನಲ್ಲಿ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಹೆಚ್ಚಿತ್ತು. ಬೆಂಜೀನ್ ಕ್ಯಾನ್ಸರ್ ತರುವ ವಿಷ. ಬಾವಿಗಳಿಗೆ ನೀರೂಡುವ ಅಂತರ್ಜಲದ ಮೇಲೆ 8 ಸೆಂಟಿಮೀಟರ್ ದಪ್ಪ ಸಂಸ್ಕರಿತ ತೈಲದ ಪದರ ತೇಲುತ್ತಿತ್ತು. ನೀರಿಗೆ ವಾಸನೆಯಿದೆ ಎಂದು ಗೊತ್ತಿದ್ದೂ ಜನ ಅದನ್ನೇ ಕುಡಿಯುತ್ತಿದ್ದರು, ಅಡುಗೆಗೆ, ಸ್ನಾನಕ್ಕೆ ಬಳಸುತ್ತಿದ್ದರು. ಬೇರೆ ನೀರಿರಲಿಲ್ಲ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

ಪೂರ್ತಿ ಶುದ್ಧಿಗೆ 25ರಿಂದ 30 ವರ್ಷ ಬೇಕು, ಮೊದಲ ಐದು ವರ್ಷಕ್ಕೆ ನೂರು ಕೋಟಿ ಡಾಲರ್ ತೆಗೆದಿಡಿ ಎಂದಿತು ವರದಿ. ಸರ್ಕಾರ ಹೈಪ್ರೆಪ್ ಎಂಬ ಸಂಸ್ಥೆಯನ್ನು 2012ರಲ್ಲಿ ಹುಟ್ಟುಹಾಕಿ ಮರೆತೇಬಿಟ್ಟಿತು. 2016ರಲ್ಲಿ ಮತ್ತೆ ಸಮಾರಂಭ ಮಾಡಿ ಎಬ್ಬಿಸಿತು. ಗುತ್ತಿಗೆದಾರರು ಮಣ್ಣಿಗೆ ಕೈ ಹಚ್ಚಿದ್ದು 2019ರಲ್ಲಿ. ಈ ಹಣದ ಹೆಚ್ಚಿನ ಪಾಲು ಶೆಲ್ ಇದ್ದ ಜಂಟಿ ಉದ್ಯಮದಿಂದಲೇ ಬಂದಿದೆ ಎಂಬುದನ್ನು ಹೇಳಲೇಬೇಕು. ಕೆಲಸದ ಗುಣಮಟ್ಟದ ಮೇಲೆ ಮಾತ್ರ ದೂರುಗಳ ಸರಮಾಲೆ. ತೈಲ ಶುದ್ಧೀಕರಣದ ಗಂಧಗಾಳಿ ಇಲ್ಲದವರಿಗೆ ಗುತ್ತಿಗೆ ಸಿಕ್ಕಿದೆ ಎಂದು ಪರಿಸರ ಸಂಘಟನೆಗಳು ಆರೋಪಿಸಿವೆ. ಹೈಪ್ರೆಪ್ ಕೆಲವು ಊರುಗಳಿಗೆ ಇತ್ತೀಚೆಗೆ ಶುದ್ಧ ನೀರಿನ ವ್ಯವಸ್ಥೆ ಮಾಡಿದೆ. ತುರ್ತು ಎಂದು ವರದಿ ಹೇಳಿದ್ದು 2011ರಲ್ಲಿ.

ಬೋಡೊದ ಶುದ್ಧೀಕರಣ ಬೇರೆಯದೇ ಏರ್ಪಾಡು. ಡಚ್ ರಾಯಭಾರಿಯ ಮಧ್ಯಸ್ಥಿಕೆಯಲ್ಲಿ ಕಂಪನಿ ಮತ್ತು ಊರು ಒಂದು ಸಮಿತಿ ಮಾಡಿಕೊಂಡವು. ಊರೊಳಗಿನ ಜಗಳಗಳಿಂದ ತಡವಾಗಿ 2017ರಲ್ಲಿ ಕೆಲಸ ಶುರುವಾಯಿತು. ಕೆಸರಿಗೆ ನೀರು ಹಾಯಿಸಿ ಎಣ್ಣೆ ಎಬ್ಬಿಸಿ ತೆಗೆದು, ಊರಿನವರಿಗೇ ಕೂಲಿ ಕೊಟ್ಟು ಕಾಂಡ್ಲಾ ಸಸಿ ನೆಡಿಸಿದ್ದಾರೆ. ಓಗೊನಿಯಲ್ಲಿ ಆಗಿರುವ ಕೆಲಸಗಳಲ್ಲಿ ಕಣ್ಣಿಗೆ ಕಾಣುವಂಥದ್ದು ಇದು. ಕೋರ್ಟಿನ ಕಣ್ಣು ಮೇಲಿದ್ದ ಊರು ಇದೇ ಎಂಬುದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ.

ಲಂಡನ್, ಹೇಗ್, ನಡುವೆ ವೇದಾಂತ

ಊರಿನ ಕೋರ್ಟಿನಲ್ಲಿ ದಶಕಗಟ್ಟಲೆ ಅಲೆದವರು ಕಂಪನಿಯ ತವರಿಗೇ ಹೋಗಿ ಬಾಗಿಲು ತಟ್ಟಲು ಶುರುಮಾಡಿದರು. ಎಜಾಮಾ-ಎಬುಬು ಎಂಬ ಊರಿನಲ್ಲಿ 1970ರಲ್ಲಿ ಆದ ಸೋರಿಕೆ ಸ್ಥಳೀಯ ಕೋರ್ಟುಗಳ ಅಲೆದಾಟಕ್ಕೆ ಉದಾಹರಣೆ. ಅದು ನೈಜೀರಿಯಾದ ಬಿಯಾಫ್ರಾ ಅಂತರ್ಯುದ್ಧದ ಕಾಲದಲ್ಲಿ ಬೇರೆಯವರು ಮಾಡಿದ ಹಾನಿ ಎಂಬುದು ಶೆಲ್ ವಾದ. ನಲವತ್ತು ವರ್ಷದ ನಂತರವೂ ಆ ಮಣ್ಣಿನಲ್ಲಿ ಎಣ್ಣೆಯಿತ್ತು. 2021ರಲ್ಲಿ ಕಂಪನಿ 4,590 ಕೋಟಿ ನೈರಾ, ಅಂದರೆ ಸುಮಾರು 11 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಲು ಒಪ್ಪಿತು. ಅರ್ಧ ಶತಮಾನ ಕಳೆದಿತ್ತು.

ಹೇಗ್ ನಗರದಲ್ಲಿ 2008ರಲ್ಲಿ ನಾಲ್ವರು ರೈತರು ಡಚ್ ಪರಿಸರ ಸಂಘಟನೆಯ ಜೊತೆಗೂಡಿ ದಾವೆ ಹೂಡಿದರು. 2021ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಒರುಮಾ ಮತ್ತು ಗೋಯಿ ಎಂಬ ಎರಡು ಹಳ್ಳಿಗಳ ಸೋರಿಕೆಗೆ ಶೆಲ್‌ನ ನೈಜೀರಿಯಾ ಶಾಖೆಯೇ ಹೊಣೆ ಎಂದಿತು. ಕಳ್ಳರು ಮಾಡಿದ್ದು ಎನ್ನುವುದಾದರೆ ಅದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಾದವರು ನೀವೇ ಎಂದು ಕಂಪನಿಗೆ ಹೇಳಿತು. ಫಾರಂನ ಕಾರಣದ ಕಾಲಂ ಮೇಲೆ ಬಿದ್ದ ದೊಡ್ಡ ಪೆಟ್ಟು ಇದು. 2022ರ ಕೊನೆಗೆ 1.5 ಕೋಟಿ ಯೂರೊ ಪರಿಹಾರಕ್ಕೆ ಒಪ್ಪಂದವಾಯಿತು. ದಾವೆ ಹೂಡಿದ ರೈತರಲ್ಲಿ ಕೆಲವರು ತೀರ್ಪು ಕೇಳಲು ಬದುಕಿರಲಿಲ್ಲ.

ಲಂಡನ್ನಿನ ಬೆಳವಣಿಗೆಯಲ್ಲಿ ಭಾರತೀಯರಿಗೆ ಪರಿಚಿತವಾದ ಹೆಸರೊಂದು ಬರುತ್ತದೆ. ಅನಿಲ್ ಅಗರ್‌ವಾಲ್ ಅವರ ವೇದಾಂತ ಸಮೂಹಕ್ಕೆ ಜಾಂಬಿಯಾದಲ್ಲಿ ತಾಮ್ರದ ಗಣಿಯಿತ್ತು. ಗಣಿಯ ಕೊಳೆ ನೀರು ನಮ್ಮ ನದಿ ಸೇರಿತು ಎಂದು ಅಲ್ಲಿನ ಹಳ್ಳಿಗರು ಲಂಡನ್ನಿನಲ್ಲಿ ದೂರು ಕೊಟ್ಟರು. ಅಂಗಸಂಸ್ಥೆ ಮಾಡಿದ ಹಾನಿಗೆ ಬ್ರಿಟನ್ನಿನಲ್ಲಿರುವ ತಾಯಿ ಕಂಪನಿಯನ್ನು ಅಲ್ಲೇ ವಿಚಾರಣೆಗೆ ಕರೆಯಬಹುದು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪಿತ್ತಿತು. ಅದೇ ತೀರ್ಪನ್ನು ಆಧರಿಸಿ 2021ರ ಫೆಬ್ರವರಿಯಲ್ಲಿ ಒಗಾಲೆ ಮತ್ತು ಬಿಲ್ಲೆ ಎಂಬ ಊರುಗಳ ಜನ ಶೆಲ್ ವಿರುದ್ಧ ಮುಂದುವರಿಯಬಹುದು ಎಂದಿತು. ಜಾಂಬಿಯಾದ ಹಳ್ಳಿಗರು ತೆರೆದ ಬಾಗಿಲಿನಿಂದ ನೈಜೀರಿಯಾದವರು ಒಳಗೆ ಬಂದರು. ಬೆಂಜೀನ್ ಬೆರೆತ ನೀರು ಕುಡಿದ ಒಗಾಲೆಯೇ ಈ ಒಗಾಲೆ.

ಮಾರಿ ಹೊರಟವರು

2024ರ ಜನವರಿಯಲ್ಲಿ ಶೆಲ್ ತನ್ನ ನೈಜೀರಿಯಾ ನೆಲದ ಮೇಲಿನ ವ್ಯವಹಾರವನ್ನು ರಿನೈಸಾನ್ಸ್ ಎಂಬ, ಬಹುಪಾಲು ಸ್ಥಳೀಯ ಕಂಪನಿಗಳಿರುವ ಕೂಟಕ್ಕೆ ಮಾರುವುದಾಗಿ ಸಾರಿತು. 2025ರ ಮಾರ್ಚ್‌ನಲ್ಲಿ ಮಾರಾಟ ಮುಗಿಯಿತು. ಸಮುದ್ರದ ಆಳದ ಬಾವಿಗಳು, ಅನಿಲದ ವ್ಯವಹಾರ ಮಾತ್ರ ಶೆಲ್ ಬಳಿ ಉಳಿದವು. ಹಳ್ಳಿಗಳು, ಹೊಲಗಳು, ತುಕ್ಕು ಹಿಡಿದ ಪೈಪುಗಳು, ಅರ್ಧಕ್ಕೆ ನಿಂತ ಶುದ್ಧೀಕರಣ ಹೊಸಬರ ಪಾಲಿಗೆ ಬಂದವು. ಹಳೆಯ ಮಾಲಿನ್ಯದ ಪಟ್ಟಿ ಮಾಡಿ, ಅದಕ್ಕೆ ತಗಲುವ ಹಣ ತೆಗೆದಿಟ್ಟ ಮೇಲೆಯೇ ಮಾರಾಟಕ್ಕೆ ಒಪ್ಪಿಗೆ ಕೊಡಿ ಎಂದು ಸಂಘಟನೆಗಳು ಸರ್ಕಾರವನ್ನು ಕೇಳಿದ್ದವು. ಹೊಣೆ ಹೊಸ ಮಾಲೀಕರಿಗೆ ದಾಟುತ್ತದೆ ಎಂಬುದು ಶೆಲ್ ನಿಲುವು. ದುಡಿಮೆ ಅರವತ್ತು ವರ್ಷ ತನ್ನದಾಗಿದ್ದು, ಕೊಳೆ ಮಾತ್ರ ಇನ್ನೊಬ್ಬರದಾಗುವುದು ಯಾವ ನ್ಯಾಯ ಎಂದು ಓಗೊನಿಯವರು ಕೇಳಿದರೆ ಉತ್ತರಿಸುವುದು ಕಷ್ಟ.

2021ರ ಹೊಸ ಪೆಟ್ರೋಲಿಯಂ ಕಾಯ್ದೆ ಇನ್ನೊಂದು ಏರ್ಪಾಡು ತಂದಿದೆ. ಕಂಪನಿಗಳು ವಾರ್ಷಿಕ ನಿರ್ವಹಣಾ ವೆಚ್ಚದ ಶೇ 3ರಷ್ಟನ್ನು ಆಸುಪಾಸಿನ ಊರುಗಳ ಅಭಿವೃದ್ಧಿ ನಿಧಿಗೆ ಕೊಡಬೇಕು. ಆದರೆ ಆ ಊರಿನ ಸರಹದ್ದಿನಲ್ಲಿ ಪೈಪಿಗೆ ಯಾರಾದರೂ ಹಾನಿ ಮಾಡಿದರೆ ರಿಪೇರಿಯ ಖರ್ಚನ್ನು ಅದೇ ನಿಧಿಯಿಂದ ಮುರಿದುಕೊಳ್ಳಬಹುದು. ಯಾರೋ ಕದ್ದದ್ದಕ್ಕೆ ಊರೇ ದಂಡ ತೆರಬೇಕು. ಕಾರಣದ ಕಾಲಂ ಇಲ್ಲಿ ಇನ್ನೊಂದು ವೇಷದಲ್ಲಿ ಕಾಣಿಸಿಕೊಂಡಿದೆ.

2025ರ ಜೂನ್‌ನಲ್ಲಿ ಲಂಡನ್ ಹೈಕೋರ್ಟು ಒಗಾಲೆ ಮತ್ತು ಬಿಲ್ಲೆ ಪ್ರಕರಣದಲ್ಲಿ ಪೂರ್ವಭಾವಿ ತೀರ್ಪು ಕೊಟ್ಟಿದೆ. ಎಣ್ಣೆ ಸೋರಿ ಎಷ್ಟೋ ವರ್ಷಗಳಾದರೂ, ಅದನ್ನು ಶುದ್ಧಿ ಮಾಡದೆ ಬಿಟ್ಟಿರುವವರೆಗೆ ಹೊಣೆಯ ಪ್ರಶ್ನೆ ಜೀವಂತವಾಗಿರಬಹುದು ಎಂಬುದು ಅದರ ಸಾರ. ಪೂರ್ಣ ವಿಚಾರಣೆ 2027ಕ್ಕೆ ನಿಗದಿಯಾಗಿದೆ. ಈ ನಡುವೆ ಓಗೊನಿಯಲ್ಲಿ ತೈಲ ತೆಗೆಯುವುದನ್ನು ಮತ್ತೆ ಶುರು ಮಾಡಲು ಸರ್ಕಾರ ಅಲ್ಲಿನ ಮುಖಂಡರ ಜೊತೆ ಮಾತುಕತೆಗೆ ಕುಳಿತಿದೆ. ಕೆಲಸ, ಆದಾಯ ಬರುತ್ತದೆಂದು ಒಪ್ಪುವವರಿದ್ದಾರೆ. ಮೊದಲು ಮಣ್ಣು, ನೀರು ಶುದ್ಧವಾಗಲಿ ಎನ್ನುವವರಿದ್ದಾರೆ. ಎಣ್ಣೆ ಮತ್ತೆ ಹರಿಯುವುದೇ ಆದರೆ, ಮುಂದಿನ ಸೋರಿಕೆಯ ದಿನ ದೋಣಿ ಯಾರದು, ಮೀಟರ್ ಯಾರದು, ಫಾರಂ ತುಂಬುವವರು ಯಾರು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.